ಎಡಕ್ಕೆ ಒಂದು ನೂಲು

ಗಾಡಿಯಿಂದ ಇಳಿಸುವಾಗಲೇ ಹೇಳಿದ ಅಭಿನಂದನ,
'ಹುಷಾರು, ಫಾರಿನ್ ಡಿಸೈನು.'
ಆಟೋ ಕಾಂಪ್ಲೆಕ್ಸಿನ ಧೂಳಲ್ಲಿ
ಬಿಚ್ಚಿಟ್ಟ ಬಸ್ ಸೀಟುಗಳ ನಡುವೆ
ಒಂದು ಕುರ್ಚಿ, ತಾನೇ ಒರಗಿ ಕೂತ ಹಾಗೆ.

ಬಾಗಿಸಿದ ಪ್ಲೈವುಡ್ಡಿನ ಮೂರು ಚಿಪ್ಪು:
ತಲೆಗೊಂದು, ಬೆನ್ನಿಗೊಂದು, ಕುಂಡೆಗೊಂದು.
ಬಳ್ಳಿಯಿಲ್ಲ, ಹಂಸವಿಲ್ಲ, ಸಿಂಹದ ಪಾದವಿಲ್ಲ,
ಮೊಳೆಯ ತಲೆ ಹುಡುಕಿದರೂ ಕಾಣದು.
ತೊಗಲು ಮಾತ್ರ
ಮುದಿ ಎಮ್ಮೆಯ ಮೊಣಕಾಲಿನಂತೆ ಬಿರಿದಿತ್ತು.

ಚಾ ಕುಡಿಯುತ್ತ ಹೇಳಿದ:
ಸಮುದ್ರದಾಚೆ ಯಾವುದೋ ಯುದ್ಧದಲ್ಲಿ
ಸಿಪಾಯಿಗಳ ಮುರಿದ ಕಾಲಿಗೆ ದಬ್ಬೆ ಕಟ್ಟಲೆಂದು
ಪ್ಲೈವುಡ್ಡು ಬಾಗಿಸುವುದ ಕಲಿತರಂತೆ.
ಯುದ್ಧ ಮುಗಿಯಿತು, ವಿದ್ಯೆ ಉಳಿಯಿತು.
ಅದು ಕುರ್ಚಿಯಾಯಿತು.
'ತೊಗಲು ಹೊಸದು ಹಾಕು. ಇನ್ನೊಂದು,
ಎಡಕ್ಕೆ ವಾಲುತ್ತೆ. ಮಟ್ಟ ಮಾಡು.
ವಾಲುವ ಕುರ್ಚಿಗೆ ರೇಟು ಬರಲ್ಲ.'

ನಾವು ಜಿನಗಾರರು.
ಮುತ್ತಜ್ಜನ ಮುತ್ತಜ್ಜ ಕುದುರೆಗೆ ಜೀನು ಹೊಲಿದವನಂತೆ,
ಅಜ್ಜ ಜಟಕಾಕ್ಕೆ ಗಾದಿ,
ಅಪ್ಪ ಸಾಗರದ ಬಸ್ಸುಗಳಿಗೆ ಸೀಟು.
ನಾನು ಬುಲೆಟ್ಟಿನ ಸೀಟು ಹೊಲಿಯುತ್ತೇನೆಂದರೆ
ಮೊದಮೊದಲು ಹುಡುಗರು ನಕ್ಕಿದ್ದರು.
ಮುಖ ನೋಡುವ ಕಸುಬಲ್ಲ ಇದು.
ಗಾದಿಯ ತಗ್ಗು ನೋಡಿ ಹೇಳಬೇಕು:
ಈತ ಬಲಜೇಬಿನಲ್ಲಿ ಪರ್ಸಿಡುವವ,
ಈಕೆ ಅಂಚಿನಲ್ಲೇ ಕೂತು ಎದ್ದವಳು.

ಬಿಚ್ಚಿದೆ.
ಫೋಮು ಹಳೇ ರೊಟ್ಟಿಯಂತೆ ಪುಡಿಯಾಗಿ ಉದುರಿತು.
ಅದರಡಿ ತೆಂಗಿನ ನಾರು.
ನಾರೇ? ಫಾರಿನ್ನಿನವರಿಗೆ ನಾರೆಲ್ಲಿಂದ ಬಂತು?
ಒಂದು ಹೇರ್‌ಪಿನ್ನು, ಐದು ಪೈಸೆ,
ಥರ್ಮಾಮೀಟರಿನ ಗಾಜಿನ ಚೂರು,
ಮತ್ತೆ ಚಿಪ್ಪಿನ ಹೊಟ್ಟೆಯಲ್ಲಿ ಬಡಗಿಯ ಪೆನ್ಸಿಲು:

ದುಗ್ಗಾಚಾರಿ. ಕಾರ್ಗಲ್ ವರ್ಕ್‌ಶಾಪು. ೬೩.
ಎಡಕ್ಕೆ ಒಂದು ನೂಲು ಕಮ್ಮಿ.
ಡಾಕ್ಟರಮ್ಮನಿಗೆ ಹೇಳಬೇಡಿ.

ಬಡಗಿಯ ನೂಲು ಅಂಗುಲದ ಎಂಟನೇ ಪಾಲು.
ನನ್ನ ನೂಲು ಸೂಜಿಯಲ್ಲಿತ್ತು.
ಹಾಗೇ ಹಿಡಿದುಕೊಂಡು ಕೂತೆ.

ಅಲ್ಲಿ ಆಣೆಕಟ್ಟು ಏಳುತ್ತಿದ್ದಿರಬೇಕು.
ಹಗಲೆಲ್ಲ ಕಾಂಕ್ರೀಟಿಗೆ ಪೆಟ್ಟಿಗೆ ಬಡಿದು
ಸಂಜೆ ಯಾರೋ ತೋರಿಸಿದ ಚಿತ್ರ ನೋಡಿ
ತೆಳ್ಳನೆ ಹಾಳೆ ಹಾಳೆಯಾಗಿ ಮರವ ಅಂಟಿಸಿದ,
ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಡ್ರಮ್ಮಿನ ಹಬೆಗೆ ಹಿಡಿದ,
ಸಿಮೆಂಟಿನ ಮೂಟೆ ಹೇರಿ ಬಾಗಿಸಿದ.
ಎಷ್ಟು ಒಡೆದವೋ. ಎಷ್ಟು ಒಲೆಗೆ ಹೋದವೋ.
ಅಳತೆ ಕೇಳಿದ್ದರೆ ಆಕೆ ಕೊಡುತ್ತಿರಲಿಲ್ಲ.
ಆಸ್ಪತ್ರೆಯ ವರಾಂಡದಲ್ಲಿ ಬಾಗಿಲಿಗೆ ಕೊಂಡಿ ಕೂರಿಸುತ್ತ
ಆಕೆಯ ಚಪ್ಪಲಿ ಕೇಳಿಸಿಕೊಂಡ:
ಟಪ್,
ಸ್ವಲ್ಪ ತಡೆದು
ಟಪ್.
ಆ ತಡೆಯಷ್ಟನ್ನು ಕಿವಿಯಲ್ಲೇ ಅಳೆದ.

ಆಕೆ ಕೂತು, ಮೊದಲ ಸಲ, ಏನೆಂದಳೋ!
ಫಾರಿನ್ ಕುರ್ಚಿ ಎಂದರೆ ಹೀಗೇ ಹಿತ ಎಂದುಕೊಂಡಳೇನೋ.

ಅಭಿನಂದನನಿಗೆ ಹೇಳಲಿಲ್ಲ. ಹೇಳಬೇಡಿ ಎಂದು ಬರೆದಿತ್ತಲ್ಲ.
ಮಟ್ಟ ಮಾಡಿಯೇ ಕೊಟ್ಟೆ.
ರಸಮಟ್ಟದ ಗುಳ್ಳೆ ಸರಿ ನಡುವೆ ನಿಂತಿತು,
ಅವನು ಮೆಚ್ಚಿ ಐವತ್ತು ಹೆಚ್ಚಿಗೆ ಕೊಟ್ಟ.

ಎಡಕ್ಕೆ ತುಂಬಿದ್ದು ಬಸ್ಸಿನ ಹಳೇ ಸ್ಪಂಜು.
ಅದರಡಿ ಕಚ್ಚಾ ಹೊಲಿಗೆ.
ಯಾರಾದರೂ ಎರಡು ಮಳೆಗಾಲ ಕೂತರೆ ಸಾಕು,
ಇಳಿಯುತ್ತೆ.