ಕುಂದ್ರು, ಕುಂತ್ಕ

ಜ್ವಾಳ್ಯಾ ಈ ಮನೆಗೆ ಬಂದದ್ದು
ನನಗಿಂತ ಹನ್ನೊಂದು ದಿನ ತಡ.
ಗಟಾರದಂಚಿನಿಂದ ಎತ್ತಿ ಅಂಗಿಯೊಳಗಿಟ್ಟು
ಮಾವ ತಂದಾಗ
ಒಂದು ಬೊಗಸೆ ಜೋಳದ ಬಣ್ಣ, ಅಷ್ಟೇ ತೂಕ.
ನಾನು ಕೊಳ್ಳೇಗಾಲದಿಂದ
ಒಂದು ಬಸ್ಸು ಎರಡು ರೈಲು ಹತ್ತಿಳಿದು ಬಂದವಳು.
ಟ್ರಂಕಿನ ಬೀಗ ಇನ್ನೂ ಹೊಸದು.

ಬೆಟಗೇರಿಯ ಈ ಮನೆಯಲ್ಲಿ ಮೂರು ಮಗ್ಗ,
ನೆಲದಲ್ಲಿ ಮೂರು ಕುಣಿ.
ಮೊದಲ ವಾರ ಮರಿ ನಡುವಿನದಕ್ಕೆ ಉರುಳಿ
ಮಾವನ ಕಾಲ್ಮಣಿಗಳ ನಡುವೆ ಕುಂಯ್‌ಗುಟ್ಟಿತು.
ಆಮೇಲೆ ಲಾಳಿ ಕಚ್ಚಿತು.
ಆಮೇಲೊಂದು ಬೆಳಿಗ್ಗೆ, ಓಣಿಯುದ್ದ ಹಾಸು ಹೂಡಿದ್ದಾಗ,
ಕಾಲೆತ್ತಲೂ ಬಾರದ ವಯಸ್ಸು,
ಕೆಂಪು ನೂಲಿನ ಮೇಲೆ ಕುಕ್ಕರಿಸಿಯೇ ಮಾಡಿತು.

"ಹೊಡೀಬ್ಯಾಡ್ರಿ," ಅಂದರು ಅತ್ತೆ ಬನವ್ವ,
"ಹೊಡದ್ರ ಅದು ಕೈ ಕಲೀತದ,
ಮಾತು ಕಲಿಯಂಗಿಲ್ಲ."

ತಾಸಿಗೊಮ್ಮೆ ಎತ್ತಿಕೊಂಡು ಬೇವಿನ ಬುಡಕ್ಕೆ.
ರಾತ್ರಿ ಎರಡರ ಪಾಳಿ ನನ್ನದು:
ಚಳಿ, ಚಂದ್ರ, ಮುಗಿಯದ ಅದರ ಮೂಸಾಟ.
ಹಗಲು ಅತ್ತೆ, ಸೆರಗಿನ ತುದಿಯಲ್ಲಿ
ಕಟಿರೊಟ್ಟಿಯ ಚೂರು ಗಂಟುಕಟ್ಟಿ, ಪಾಠ.
ಕುಂದ್ರು.
ನಿಂದ್ರು.
ಮಗ್ಗದ ಕಡೆ ಮೂತಿ ತಿರುಗಿದರೆ, ಬ್ಯಾಡ.
ನಾಲ್ಕನೇ ದಿನ ಜ್ವಾಳ್ಯಾ ಕುಂತಿತು.

ನಾನು? ಪುಟಾಣಿ ತಾ ಅಂದಾಗ
ಪಕ್ಕದ ಮನೆಯ ಕೂಸನ್ನೆತ್ತಿಕೊಂಡು ಬಂದೆ.
ಡಬ್ಬಿಯ ಹುರಿಗಡಲೆ ಡಬ್ಬಿಯಲ್ಲೇ ಇತ್ತು.
ಓಣಿಯೆಲ್ಲ ನಕ್ಕಿತು.
ಮರಿಯೂ ಬಾಲ ಬಡಿಯಿತು, ಅದಕ್ಕೆ ಗೊತ್ತಿತ್ತೇನೋ.

ಮಧ್ಯಾಹ್ನ ಮಾಳಿಗೆಯ ಮೇಲೆ ಯಾರೂ ಬರುವುದಿಲ್ಲ,
ಒಣಗುವ ಬಟ್ಟೆ ಮತ್ತು ನಾವಿಬ್ಬರು.
ಚಿಟಿಕೆ ಬೆಲ್ಲ ಹಿಡಿದು ಮೆಲ್ಲಗೆ ಹೇಳುತ್ತಿದ್ದೆ:
"ಕುಂತ್ಕ ಮಗ."
ಮೊದಲು ಒಂದು ಕಿವಿ ಓರೆಯಾಯಿತು
(ಇನ್ನೊಂದು ಇವತ್ತಿಗೂ ನಿಲ್ಲುವುದಿಲ್ಲ).
ನಾಯಿಗೆ ಎರಡು ಭಾಷೆ ಯಾಕೆ ಅಂತ ನನಗೂ ಗೊತ್ತು.
ನನ್ನೂರ ಮಾತು ನನ್ನ ಬಾಯಲ್ಲೇ
ತುಕ್ಕು ಹಿಡಿಯಬಾರದಲ್ಲ, ಅದಕ್ಕೆ.

ಎಂಟು ತಿಂಗಳಿಗೆ ಅದು ಮೊಣಕಾಲೆತ್ತರ.
ಹುಚ್ಚುನಾಯಿ ಸೂಜಿ ಹಾಕಲು ಡಾಕ್ಟರು
ಕಟ್ಟೆಯ ಮೇಲೆ ಚೀಲ ಬಿಚ್ಚಿದ್ದೇ ತಡ,
ಸ್ಪಿರಿಟ್ಟಿನ ವಾಸನೆಗೆ ಹಿಂದೆ ಸರಿದು ಸರಿದು
ಮಗ್ಗದ ಬಗಲಿಗೆ ನಿಂತಿತು.
ಬಿಗಿದ ರೇಷ್ಮೆಯ ಹಾಸು, ಹದಿನೈದು ದಿನದ ದುಡಿಮೆ,
ಒಂದು ಜಿಗಿತಕ್ಕೆ ದೂರ.

"ಕುಂದ್ರು."
ಇಲ್ಲ.
"ಕುಂದ್ರು ಅಂದ್ನಿ!"
ಬೆನ್ನ ಕೂದಲು ನಿಮಿರಿತು.
ಮೂರೂ ಮಗ್ಗ ನಿಂತವು.
ನನ್ನ ಕೈ ಹಿಟ್ಟಿನಲ್ಲಿ, ನಾಲಿಗೆ ಒಣಗಿ.

ಆಗ ಅತ್ತೆ, ಯಾರ ಮುಖವನ್ನೂ ನೋಡದೆ,
ಕೊನೆಯ ಅಕ್ಷರವನ್ನು ನನ್ನ ಹಾಗೆಯೇ ತುಸು ಎಳೆದು:
"ಕುಂತ್ಕ ಮಗ."

ಕುಂತಿತು.

ಎಷ್ಟು ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತಿದ್ದರೋ,
ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಡಾಕ್ಟರು ಸೂಜಿ ಒರೆಸುತ್ತ ಕೇಳಿದರು,
"ಯಾ ಊರ ಮಾತ್ರೀ ಅಮ್ಮಾರ ಅದು?"
"ನಮ್ಮ ಮನೀದ್ರಿ," ಅಂದರು ಬನವ್ವ,
ರಾಟೆಯ ಮುಂದೆ ಹೋಗಿ ಕಂಡಿಕಿ ಸುತ್ತತೊಡಗಿದರು.

ಜ್ವಾಳ್ಯಾ ಇನ್ನೂ ಕುಂತೇ ಇತ್ತು,
ರೊಟ್ಟಿಯೋ ಬೆಲ್ಲವೋ ತಿಳಿಯದೆ,
ಒಮ್ಮೆ ಅವರ ಸೆರಗು,
ಒಮ್ಮೆ ನನ್ನ ಹಿಟ್ಟಿನ ಕೈ
ನೋಡುತ್ತ.