ಟೊರೊಂಟೊ ಬಾಗಿಲು ತೆಗೆಯುವ ಹೊತ್ತು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ತೂಕ ಹಾಕಿದವನು ನಾನು.
ಕಿವಿಯ ಹತ್ತಿರ ಗೂಡು ಅಲ್ಲಾಡಿಸಿ
ಒಳಗಿನ ಹುಳು ಬದುಕಿದೆಯೋ ಸತ್ತಿದೆಯೋ ಹೇಳಬಲ್ಲೆ.

ಈಗ ಸಂಜೆ ಏಳು. ಟೊರೊಂಟೊದಲ್ಲಿ ಬಾಗಿಲು ತೆಗೆದಿದ್ದಾರೆ.
ಮೊಬೈಲಿನಲ್ಲಿ ಮೂರು ಬ್ಯಾಂಕು;
ಒಂದು, ಡಿವಿಡೆಂಡು ತಪ್ಪಿಸಿದ್ದೇ ಇಲ್ಲವಂತೆ.
‘ಅಲ್ಲಿ ಮನೆಸಾಲ ಹೆಚ್ಚಾಗಿದೆಯಂತಲ್ಲಣ್ಣ’ ಎನ್ನುತ್ತಾನೆ ಏಜಾಜ್,
ನೂಲು ಬಿಚ್ಚುವ ಬಾಣಲೆಯ ಹಬೆ ಕವಿದ
ಕನ್ನಡಕ ಒರೆಸುತ್ತ.
ಅವನು ಕೊಳ್ಳುವವನಲ್ಲ, ಬಡ್ಡಿಯ ದುಡ್ಡು ಬೇಡ.
ದರ ಮಾತ್ರ ದಿನಾ ಕೇಳುತ್ತಾನೆ.

ಹಿಮದ ಊರಲ್ಲಿ ಯಾರೋ ತಿಂಗಳ ಕಂತು ಕಟ್ಟಬೇಕು
ನನ್ನ ಹತ್ತು ಷೇರು ಉಸಿರಾಡಲು.
ಅವನ ಹೆಸರು ಗೊತ್ತಿಲ್ಲ,
ಕೆಲಸ ಉಳಿದಿದೆಯೋ ಇಲ್ಲವೋ.

ಬೆರಳು ಗುಂಡಿಯ ಮೇಲೇ ನಿಂತಿದೆ.
ಫೋನನ್ನು ಕಿವಿಯ ಹತ್ತಿರ ತಂದು
ಮೆಲ್ಲಗೆ ಅಲ್ಲಾಡಿಸಿದೆ.

‘ಏನಂತೆ?’ ಎಂದ ಏಜಾಜ್.