ಬಿಲ್ಲೆ ನಂಬರ ಹದಿನೇಳು

ಎಳೆಗಲ್ಲಿಗೆ ರೈಲು ಬಂದದ್ದು ಬರಗಾಲದಾಗ.
ಮುತ್ತಜ್ಜಿ ಮಣ್ಣು ಹೊತ್ತಳಂತ, ದಿನಕ್ಕ ಅರ್ಧ ಸೇರು ಜ್ವಾಳಕ್ಕ.
ಏರಿ ಎದ್ದಿತು, ಮಗ್ಗಲದಾಗ ಭಾಂವಿ ತೋಡಿದರು.
ಮೊದಲ ನೀರು ಎಂಜಿನ್ನಿಗೆ,
ಅದು ಕುಡದು ಉಳದದ್ದು ಊರಿಗೆ.

ಅಜ್ಜಿ ಸಾಂವಕ್ಕನ ಕಾಲಕ್ಕ ಪ್ಲಾಟಫಾರ್ಮಿನ ಮ್ಯಾಲೆ ಎರಡು ಹರವಿ,
ಒಂದಕ್ಕ ಸುಣ್ಣದ ಗೆರಿ, ಒಂದಕ್ಕ ಹಸರು ಬಣ್ಣ.
ಮಂದಿ ಗೆರಿ ನೋಡಿ ಬಾಯಿ ತೆರೀತಿದ್ದರು.
ತುಂಬಾಕಿ ಒಬ್ಬಾಕಿ, ಭಾಂವಿ ಒಂದ.
ಯಾವ ಹರವಿನೂ ತಮ್ಮದಲ್ಲದವರು
ಬೊಗಸಿ ಹಿಡದು ದೂರ ನಿಂತಿರತಿದ್ದರು,
ಸೀಟಿ ಊದಿದ ಮ್ಯಾಲೆ ಅವರ ಪಾಳಿ.

ಒಂದು ಬ್ಯಾಸಗಿ ಹಸರು ಹರವಿ ಒಡೀತು.
ಹೊಸಾದು ಬೇಕಂತ ಕಟಗೇರಿ ಮಾಸ್ತರ ಬರದ ಅರ್ಜಿ
ಹುಬ್ಬಳ್ಳಿಗೆ ಹೋತು, ತಿರಗಿ ಬರಲಿಲ್ಲ.
ಅಷ್ಟರಾಗ ಎಲ್ಲಾರೂ ಒಂದರಾಗ ಕುಡಿಯೂದು ಕಲಿತರು.
ಬೊಗಸಿಯವರು ಮಾತ್ರ
ಇನ್ನೂ ಹತ್ತು ವರ್ಷ ಬೊಗಸಿಯವರ.

ನನ್ನ ಸರತಿ ಬಂದಾಗ ಹೊಗಿ ನಿಂತಿತ್ತು.
ಡೀಜೆಲ್ಲಿಗೆ ನಮ್ಮ ಭಾಂವಿಯ ಹಂಗಿಲ್ಲ.
ನಾಕ ಡಬ್ಬಿ. ಒಂದರ ತುಂಬ
ವಿಜಾಪುರದ ಪ್ಯಾಟಿಗೆ ಹೊಂಟ ಲಿಂಬಿಹಣ್ಣಿನ ಚೀಲ;
ಬಾಗಲಾ ತೆರದರ ಹಲ್ಲು ಜುಮ್ಮಂತಿದ್ದವು.
ನಾ ಹಂಗಾಮಿ: ಶಿವರಾತ್ರಿಯಿಂದ ಕಾರಹುಣ್ಣಿವಿತನಕ ಪಗಾರ,
ಒಂದು ಬಕೀಟು, ಉದ್ದ ಮೂತಿಯ ಝಾರಿ,
ಎದಿಮ್ಯಾಲೆ ಹಿತ್ತಾಳಿ ಬಿಲ್ಲೆ, ನಂಬರ ಹದಿನೇಳು.
ಉಳದ ಹದಿನಾರು ಮಂದಿ ಎಲ್ಲಿದ್ದರೋ ಗೊತ್ತಿಲ್ಲ.

ಲಿಂಬಿಹಣ್ಣು ಟೆಂಪೊ ಹತ್ತಿದ ವರ್ಷ
ಲಾಡ್ಲೇಸಾಬ ಸಿಗ್ನಲ್ಲಿನ ತಂತಿಗೆ ಎಣ್ಣಿ ಹಾಕೂದು ಬಿಟ್ಟ.
ಅದರ ಕೈ ಅರ್ಧಕ್ಕ ನಿಂತಿರತಿತ್ತು,
ಹೂಂ ಅಲ್ಲ, ಉಹೂಂ ಅಲ್ಲ.

ಕಡೀ ಗಾಡಿಯೊಳಗ ಒಂಬತ್ತು ಮಂದಿ.
ಕಿಡಕ್ಯಾಗಿಂದ ಒಂದು ಹುಡುಗ ಬೊಗಸಿ ಚಾಚಿತು,
ನಾ ಹೊಯ್ಯೂದರಾಗ ಗಾಡಿ ಹೊಂಟಿತು,
ಧಾರಿ ಹಳಿಮ್ಯಾಲೆ ಬಿತ್ತು.
ಚುಂಯ್ ಅಂತು ಕಾದ ಕಬ್ಬಣ.

ತಿಂಗಳಾದ ಮ್ಯಾಲೆ ಸಾಹೇಬ ಯಾದಿ ಹಿಡಕೊಂಡು ಬಂದ:
ಗಡಿಯಾರ, ಗಂಟಿ, ಟಿಕೀಟಿನ ಕಪಾಟ, ಬಕೀಟು, ಝಾರಿ.
"ಬಿಲ್ಲೆ?"
ಕಳದೈತ್ರಿ, ಅಂದೆ.
ಹನ್ನೊಂದು ರೂಪಾಯಿ ದಂಡ ಬರದ.
ಕೊಟ್ಟೆ, ಪಾವತಿ ಇಸಗೊಂಡೆ.
ಭಾಂವಿ ಅವನ ಯಾದ್ಯಾಗ ಇರಲಿಲ್ಲ.

ಏರಿ ಮ್ಯಾಲೆ ಈಗ ಕುರಿ ಹಾಯ್ತಾವ.
ಮೊನ್ನೆ ಮೊಮ್ಮಗಳು ಜ್ವಾಳದ ಗಡಿಗ್ಯಾಗ ಕೈ ಹಾಕಿ
ಹಳದಿ ಚಕ್ಕಳಿ ಅಷ್ಟದ್ದು ಒಂದು ತಗದಳು.
"ಯಾರದಬೇ ಇದು?"
ನಂದ.
ರೊಕ್ಕಾ ಕೊಟ್ಟು ಕೊಂಡೀನಿ,
ಪಾವತಿ ಐತಿ.